ಇಪ್ಪತ್ತು ಸಾವಿರ ಸಾಲುಗಳನ್ನು ಗುಡಿಸಿ ಒರೆಸಿದ ಕಥೆ



ಸಂಘದ ರಾಜ್ಯೋತ್ಸವಕ್ಕೋ ಯುಗಾದಿಯ ಊಟಕ್ಕೋ ಸೇರಿದಾಗಲೆಲ್ಲ ನಿಮ್ಮಲ್ಲಿ ಒಬ್ಬರಾದರೂ ನನ್ನನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಒಂದಿದೆ. "ಅಂಕಲ್, ಅನುಭವ ಇಲ್ಲ ಅಂತ ಕೆಲಸ ಕೊಡೋದಿಲ್ಲ. ಕೆಲಸಾನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು?" ನಮ್ಮ ಹೈದರಾಬಾದಿನ ಅಮೀರ್‌ಪೇಟೆಯಲ್ಲಿ, ಮೈತ್ರೀವನದ ಸುತ್ತಮುತ್ತ, ಈ ಪ್ರಶ್ನೆಗೆ ಹತ್ತಾರು ಬಗೆಯ ಉತ್ತರಗಳು ಮಾರಾಟಕ್ಕಿವೆ. ಮೂರು ತಿಂಗಳ ಕೋರ್ಸು, ರೆಡಿಮೇಡ್ ಪ್ರಾಜೆಕ್ಟು, ಚಂದದ ಸರ್ಟಿಫಿಕೇಟು. ಅವುಗಳಲ್ಲಿ ಒಳ್ಳೆಯವೂ ಇವೆ, ಅಲ್ಲಗಳೆಯುವುದಿಲ್ಲ. ಆದರೆ ಫೀಸು ಕೇಳದ, ಶಿಫಾರಸು ಬೇಡದ, ಯಾವ ಕಾಲೇಜು ಎಂದೂ ವಿಚಾರಿಸದ ಇನ್ನೊಂದು ಬಾಗಿಲಿದೆ. ಅಲ್ಲಿ ಒಳಗೆ ಬಂದವರ ಕೈಗೆ ಮೊದಲ ದಿನ ಕೊಡುವುದು ಪೊರಕೆ! ಈ ಸಲದ ಅಂಕಣ ಆ ಪೊರಕೆಯ ಬಗ್ಗೆ.

ಲಿನಕ್ಸ್ ಎಂಬ ಹೆಸರು ನಿಮಗೆ ಹೊಸದಲ್ಲ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಈ ಆಪರೇಟಿಂಗ್ ಸಿಸ್ಟಂ ಇಂದು ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲೂ ಇದೆ. ಅದರ ತಿರುಳು ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಈ ಕರ್ನಲ್‌ನ ಮೂಲ ಬರಹ ಯಾರು ಬೇಕಾದರೂ ಓದಬಹುದಾದದ್ದು. ಮೂರು ಕೋಟಿಗೂ ಮೀರಿದ ಸಾಲುಗಳಿವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಡ್ರೈವರ್‌ಗಳದು. ಡ್ರೈವರ್ ಎಂದರೆ ದುಭಾಷಿ ಎಂದುಕೊಳ್ಳಿ. ಪ್ರಿಂಟರು, ಮೌಸು, ವೈಫೈ ಚಿಪ್ಪು, ಡಿಸ್ಕು ಇವು ಒಂದೊಂದೂ ತಮ್ಮದೇ ಭಾಷೆಯಲ್ಲಿ ಮಾತಾಡುತ್ತವೆ. ಅದನ್ನು ಕರ್ನಲ್‌ಗೆ ತಿಳಿಯುವಂತೆ ಹೇಳುವುದು ಡ್ರೈವರ್‌ನ ಕೆಲಸ. ಸಾಮಾನ್ಯ ಪ್ರೋಗ್ರಾಮು ತಪ್ಪು ಮಾಡಿದರೆ ಅದೊಂದೇ ನಿಲ್ಲುತ್ತದೆ. ಡ್ರೈವರ್ ಕರ್ನಲ್‌ನ ಒಳಗೇ ಓಡುವುದರಿಂದ ಅದು ಎಡವಿದರೆ ಇಡೀ ಯಂತ್ರವೇ ಕುಸಿದು ಬೀಳಬಹುದು.

ಇಂಥ ಡ್ರೈವರ್‌ಗಳನ್ನು ಬಹುಮಟ್ಟಿಗೆ ಬರೆಯುವವರು ಆಯಾ ಯಂತ್ರಾಂಶದ ಕಂಪನಿಯವರು. ಚಿಪ್ಪು ಮಾರುಕಟ್ಟೆಗೆ ಬರುವ ದಿನ ಹತ್ತಿರ ಬಂದಿರುತ್ತದೆ, ಹೇಗೋ ಓಡಿದರೆ ಸಾಕು ಎಂಬ ಅವಸರ. ಹಾಗಾಗಿ ಕೆಲಸ ಮಾಡುವ ಆದರೆ ನೋಡಲಾಗದ ಕೋಡು ರಾಶಿ ರಾಶಿಯಾಗಿ ಬರುತ್ತದೆ. ಅದನ್ನು ನೇರವಾಗಿ ಒಳಗೆ ಬಿಟ್ಟುಕೊಳ್ಳುವಂತಿಲ್ಲ, ಬೇಡವೆಂದರೆ ಆ ಯಂತ್ರ ಕೊಂಡವರಿಗೆ ತೊಂದರೆ. ಇದಕ್ಕೆ 2008ರಲ್ಲಿ ಗ್ರೆಗ್ ಕ್ರೋವ-ಹಾರ್ಟ್‌ಮನ್ ಎಂಬ ಹಿರಿಯ ಕರ್ನಲ್ ತಜ್ಞರು ಒಂದು ಉಪಾಯ ಮಾಡಿದರು. ಕರ್ನಲ್‌ನಲ್ಲೇ 'ಸ್ಟೇಜಿಂಗ್' ಎಂಬ ಒಂದು ಡೈರೆಕ್ಟರಿ. ನಮ್ಮ ಹಳ್ಳಿ ಮನೆಗಳಲ್ಲಿ ದಾರಿ ನಡೆದು ಬಂದವರು ಜಗಲಿಯ ಪಕ್ಕದಲ್ಲಿ ಕೈಕಾಲು ತೊಳೆದು ಆಮೇಲೆ ನಡುಮನೆಗೆ ಬರುತ್ತಾರಲ್ಲ, ಹಾಗೆ. ಸ್ಟೇಜಿಂಗ್ ಎಂದರೆ ಕಾಲು ತೊಳೆಯುವ ಜಾಗ. ಒಳಗೆ ಬರಲು ಏನೇನು ಸರಿಯಾಗಬೇಕು ಎಂಬ ಪಟ್ಟಿಯೂ ಅಲ್ಲೇ ಒಂದು ಕಡತದಲ್ಲಿ ಇರುತ್ತದೆ. ಯಾರೂ ತೊಳೆಯಲು ಮುಂದೆ ಬರದಿದ್ದರೆ ಆ ಡ್ರೈವರನ್ನು ಹೊರಗೆ ಹಾಕುತ್ತಾರೆ, ಯಾವ ಮುಲಾಜೂ ಇಲ್ಲ.

ಈಗ ಕಥೆಗೆ ಬರೋಣ. ಗಚ್ಚಿಬೌಲಿಯ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಮೈಕ್ರೋಸಾಫ್ಟ್‌ನ ದೊಡ್ಡ ಕ್ಯಾಂಪಸ್ಸನ್ನು ನೀವೆಲ್ಲ ನೋಡಿಯೇ ಇರುತ್ತೀರಿ. 1998ರಲ್ಲಿ ಆ ಕಂಪನಿ ತನ್ನ ಭಾರತದ ಅಭಿವೃದ್ಧಿ ಕೇಂದ್ರವನ್ನು ನಮ್ಮ ಊರಿನಲ್ಲಿ ತೆರೆಯಿತು. ಆ ಗೋಡೆಗಳ ಒಳಗೆ ನಡೆದ ಕಥೆಯಲ್ಲ ಇದು, ಆದರೆ ಆ ಕಂಪನಿಯದೇ ಕಥೆ. 2001ರಲ್ಲಿ ಅದರ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್ ಅವರು ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು. ಎಂಟು ವರ್ಷ ಕಳೆದು 2009ರ ಜುಲೈ 20ರಂದು ಅದೇ ಕಂಪನಿ ಲಿನಕ್ಸ್ ಕರ್ನಲ್‌ಗೆ ಸುಮಾರು 20,000 ಸಾಲು ಡ್ರೈವರ್ ಕೋಡು ಕೊಡುತ್ತೇವೆಂದು ಪ್ರಕಟಿಸಿತು! ಅಂದು ಕಂಪ್ಯೂಟರ್ ಲೋಕದಲ್ಲಿ ಇದು ಎಷ್ಟು ದೊಡ್ಡ ಸುದ್ದಿ ಎಂದು ನಿಮಗೆ ಇಂದು ಹೇಳಿದರೆ ನಂಬಲಿಕ್ಕಿಲ್ಲ.

ಏನು ಡ್ರೈವರ್ ಅದು? ಮೈಕ್ರೋಸಾಫ್ಟ್‌ನ ಹೈಪರ್-ವಿ ಎಂಬ ತಂತ್ರಾಂಶ ಒಂದೇ ದೊಡ್ಡ ಯಂತ್ರದೊಳಗೆ ಹಲವು ತೋರಿಕೆಯ ಯಂತ್ರಗಳನ್ನು ನಡೆಸುತ್ತದೆ. ಅಂಥ ಒಂದು ತೋರಿಕೆಯ ಯಂತ್ರದೊಳಗೆ ಲಿನಕ್ಸ್ ಅತಿಥಿಯಾಗಿ ಇರಬೇಕಾದರೆ ಆತಿಥೇಯ ಕೊಡುವ ಡಿಸ್ಕು, ನೆಟ್‌ವರ್ಕು, ಮೌಸುಗಳ ಜೊತೆ ಮಾತಾಡಲು ಡ್ರೈವರ್ ಬೇಕು. ಕಂಪನಿ ಯಾಕೆ ಕೊಟ್ಟಿತು ಎಂಬುದಕ್ಕೆ ಎರಡು ಮಾತಿವೆ. ಗ್ರಾಹಕರ ಅನುಕೂಲಕ್ಕೆ ಎಂದು ಕಂಪನಿ ಹೇಳಿತು. ಆ ಡ್ರೈವರಿನಲ್ಲಿ ಲಿನಕ್ಸ್‌ನ ಲೈಸೆನ್ಸಿಗೆ ಒಳಪಟ್ಟ ಭಾಗಗಳನ್ನೂ ಮುಚ್ಚಿಟ್ಟ ಭಾಗಗಳನ್ನೂ ಬೆರೆಸಿದ್ದರು, ಇದನ್ನು ತಾನು ಕಂಡುಹಿಡಿದೆ ಎಂದು ಸ್ಟೀಫನ್ ಹೆಮಿಂಗರ್ ಎಂಬ ಎಂಜಿನಿಯರ್ ಹೇಳಿದರು. ಎರಡೂ ನಿಜವಿರಬಹುದು. ಅದು ನಮಗೆ ಮುಖ್ಯವಲ್ಲ. ಕೋಡು ಬಂದಾಗ ಹೇಗಿತ್ತು ಎಂಬುದು ಮುಖ್ಯ.

ಅದು ವಿಂಡೋಸ್ ಮನೆಯಲ್ಲಿ ಹುಟ್ಟಿ ಬೆಳೆದ ಕೋಡು. ಹೆಸರುಗಳಲ್ಲಿ ಪದಕ್ಕೊಂದು ದೊಡ್ಡಕ್ಷರ, ಕೆಲವು ಹೆಸರುಗಳಂತೂ ಪೂರ್ತಿ ದೊಡ್ಡಕ್ಷರ. (ನಮ್ಮ ಲಿಪಿಯಲ್ಲಿ ಈ ದೊಡ್ಡದು ಚಿಕ್ಕದರ ಜಗಳವೇ ಇಲ್ಲ, ನಾವು ಪುಣ್ಯವಂತರು!) ಹೆಸರಿನ ಮುಂದೆ ಅದು ಯಾವ ಜಾತಿಯ ದತ್ತಾಂಶ ಎಂದು ಹೇಳುವ ಅಕ್ಷರಗಳ ಬಾಲ. ಇದಕ್ಕೆ ಹಂಗೇರಿಯನ್ ಪದ್ಧತಿ ಎಂದು ಹೆಸರು, ಯಾಕೆಂದರೆ ಇದನ್ನು ತಂದ ಚಾರ್ಲ್ಸ್ ಸಿಮೋನಿ ಹಂಗೇರಿಯಲ್ಲಿ ಹುಟ್ಟಿದವರು. ಲಿನಕ್ಸ್‌ನ ಶೈಲಿ ಕೈಪಿಡಿಯಲ್ಲಿ ಈ ಪದ್ಧತಿಯನ್ನು ಟೊರ್ವಾಲ್ಡ್ಸ್ ಬೈದಿರುವ ಮಾತನ್ನು ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು ಸರಿಯಲ್ಲ. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿತ್ತು. ಲಿನಕ್ಸ್‌ನಲ್ಲಿ ಮೊದಲೇ ಇರುವ ಕೆಲಸಗಳಿಗೆಲ್ಲ ಮೇಲೊಂದು ಹೊದಿಕೆಯ ಪದರ. ಮೆಮೊರಿ ಬೇಕೇ? ಲಿನಕ್ಸನ್ನು ನೇರವಾಗಿ ಕೇಳುವಂತಿಲ್ಲ, ನಡುವೆ ನಿಂತ ಈ ಪದರವನ್ನು ಕೇಳಬೇಕು, ಅದು ಹೋಗಿ ಲಿನಕ್ಸನ್ನು ಕೇಳುತ್ತದೆ.

ನಿಮಗೆ ಇದು ಚೆನ್ನಾಗಿ ಅರ್ಥವಾಗಬೇಕು. ನಿಮ್ಮ ತಂದೆತಾಯಿ ಬೀದರಿನಿಂದಲೋ ರಾಯಚೂರಿನಿಂದಲೋ ಬಂದವರು, ನೀವು ಹುಟ್ಟಿ ಬೆಳೆದದ್ದು ಇಲ್ಲಿ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಆಟೋದವನ ಜೊತೆ ಹಿಂದಿ, ಕನ್ನಡ ಊಟದ ತಟ್ಟೆಯ ಮುಂದೆ ಮಾತ್ರ. ತೆಲುಗಿನಲ್ಲಿ ಯೋಚಿಸಿ ಕನ್ನಡದ ಹೊದಿಕೆ ಹಾಕಿ ಆಡುವ ಮಾತು ನಮ್ಮ ಮನೆಗಳಲ್ಲಿ ದಿನವೂ ಕೇಳಿಸುತ್ತದೆ. ರಜೆಗೆ ಊರಿಗೆ ಹೋದ ಮೊಮ್ಮಗ ಬೆಳಿಗ್ಗೆ ಎದ್ದು "ಅಜ್ಜೀ, ನನಗೆ ಪಾಲು ಬೇಕು" ಎಂದರೆ ಅಜ್ಜಿ ಏನು ತಿಳಿಯಬೇಕು? ತೆಲುಗಿನಲ್ಲಿ ಪಾಲು ಎಂದರೆ ಹಾಲು. ಕನ್ನಡದ ಅಜ್ಜಿಗೆ, ಮೀಸೆ ಚಿಗುರುವ ಮೊದಲೇ ಹುಡುಗ ಆಸ್ತಿ ಕೇಳಲು ಬಂದ!

ಕೋಡಿನಲ್ಲೂ ಹೀಗೇ ಆಗುತ್ತದೆ. ಕರ್ನಲ್‌ನ ರೂಢಿಯಲ್ಲಿ ಒಂದು ಕೆಲಸ ಮಾಡು ಎಂದು ಕರೆದ ಫಂಕ್ಷನ್ನು ಕೆಲಸ ಆದರೆ ಸೊನ್ನೆ ಕೊಡುತ್ತದೆ, ಆಗದಿದ್ದರೆ ಋಣ ಸಂಖ್ಯೆಯ ದೋಷ ಸೂಚನೆ. ಹೌದೋ ಅಲ್ಲವೋ ಎಂದು ಕೇಳುವ ಫಂಕ್ಷನ್ನು ಮಾತ್ರ ಹೌದು ಎಂಬುದಕ್ಕೆ ಸೊನ್ನೆಯಲ್ಲದ್ದನ್ನು ಕೊಡುತ್ತದೆ. ಬೇರೆ ಮನೆಯ ರೂಢಿಯಲ್ಲಿ ಬೆಳೆದವರು ಎಲ್ಲದಕ್ಕೂ ಸೊನ್ನೆ ಎಂದರೆ ಸೋಲು ಎಂದು ಬರೆದರೆ ಕಂಪೈಲರ್ ಸುಮ್ಮನೆ ಒಪ್ಪಿಕೊಳ್ಳುತ್ತದೆ, ಓದುವ ಮನುಷ್ಯ ಹಾಲಿಗೆ ಆಸ್ತಿ ಎಂದು ತಿಳಿಯುತ್ತಾನೆ. ಶೈಲಿ ಎಂದರೆ ಅಲಂಕಾರ ಎಂದು ಕಾಲೇಜಿನಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೆ ಮರೆತುಬಿಡಿ. ಅದು ಒಬ್ಬರ ಬರಹವನ್ನು ಸಾವಿರಾರು ಜನ ಒಂದೇ ಅರ್ಥದಲ್ಲಿ ಓದುವುದಕ್ಕೆ ಮಾಡಿಕೊಂಡ ಒಪ್ಪಂದ.

ಕರ್ನಲ್‌ನ ಒಪ್ಪಂದ ಕಠಿಣವಾದದ್ದೇನೂ ಅಲ್ಲ. ಒಳಸರಿತಕ್ಕೆ ಟ್ಯಾಬು, ಒಂದು ಟ್ಯಾಬು ಎಂದರೆ 8 ಅಕ್ಷರದ ಜಾಗ. ಇಷ್ಟು ಅಗಲವಾದರೆ ಸಾಲು ಬಲಕ್ಕೆ ಓಡಿಹೋಗುತ್ತದೆ ಎಂದು ನೀವು ಗೊಣಗಿದರೆ, ಮೂರು ಹಂತಕ್ಕಿಂತ ಒಳಗೆ ಹೋಗಿದ್ದೀರಿ ಎಂದರೆ ನಿಮ್ಮ ಪ್ರೋಗ್ರಾಮನ್ನೇ ಸರಿಮಾಡಿ ಎಂಬುದು ಕೈಪಿಡಿಯ ಉತ್ತರ. ಹೆಸರುಗಳು ಚಿಕ್ಕಕ್ಷರದಲ್ಲಿ, ಪದಗಳ ನಡುವೆ ಅಡಿಗೆರೆ. ಫಂಕ್ಷನ್ನುಗಳು ಚಿಕ್ಕವು, ಒಂದಕ್ಕೆ ಒಂದೇ ಕೆಲಸ. ಸಾಲಿನ ಉದ್ದ 80 ಅಕ್ಷರ ಮೀರದಿದ್ದರೆ ಮೇಲು (2020ರಿಂದ ತಪಾಸಣೆಯ ಉಪಕರಣ 100ರವರೆಗೆ ಸುಮ್ಮನಿರುತ್ತದೆ). ಆ ಉಪಕರಣದ ಹೆಸರು ಚೆಕ್‌ಪ್ಯಾಚ್, ಕರ್ನಲ್‌ನ ಜೊತೆಗೇ ಬರುತ್ತದೆ. ಕಡತ ಕೊಟ್ಟರೆ ಹಳೆಯ ಕಾಲದ ಕನ್ನಡ ಪಂಡಿತರಂತೆ ಸಾಲು ಸಾಲಿಗೂ ಕೆಂಪು ಗೆರೆ ಎಳೆದುಕೊಡುತ್ತದೆ.

ಮೈಕ್ರೋಸಾಫ್ಟ್ ಕೊಟ್ಟ ಕೋಡನ್ನು ಗ್ರೆಗ್ ಸ್ಟೇಜಿಂಗ್‌ನಲ್ಲಿ ಇಳಿಸಿಕೊಂಡು ತಾವೇ ಪೊರಕೆ ಹಿಡಿದರು. 200ಕ್ಕೂ ಹೆಚ್ಚು ಪ್ಯಾಚುಗಳು, ಅದೂ ಓದುವಂಥ ಸ್ಥಿತಿಗೆ ತರುವುದಕ್ಕಷ್ಟೇ. ಪ್ಯಾಚು ಎಂದರೆ ಒಂದು ತಿದ್ದುಪಡಿ: ಈ ಸಾಲು ತೆಗೆದೆ, ಈ ಸಾಲು ಸೇರಿಸಿದೆ, ಕಾರಣ ಇದು. ಈ ಕೆಲಸಕ್ಕೆ ಯಾರಾದರೂ ತಮಗೆ ಒಂದು ಬಾಟಲಿ ರಮ್ ಕೊಡಿಸಬೇಕು ಎಂದು ಗ್ರೆಗ್ ತಮಾಷೆಯಾಗಿ ಬರೆದರು. ಆದರೆ ಅದೇ 2009ರ ಸೆಪ್ಟೆಂಬರಿನಲ್ಲಿ ತಮಾಷೆಯಲ್ಲದ ಮಾತನ್ನೂ ಬರೆದರು. ಕೋಡು ಕೊಟ್ಟವರು ಕಾಗದಕ್ಕೆ ಉತ್ತರ ಕೊಡುತ್ತಿಲ್ಲ, ಹೀಗೇ ಆದರೆ 2.6.33 ಆವೃತ್ತಿಯಲ್ಲಿ ಈ ಡ್ರೈವರುಗಳನ್ನು ತೆಗೆದುಹಾಕುತ್ತೇನೆ ಎಂದು. ಇಷ್ಟು ದೊಡ್ಡ ಕಂಪನಿಗೆ ಹೀಗೆ ಹೇಳುವವರಿದ್ದಾರೆ ಎಂಬುದೇ ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಭಾಗ. ಕಂಪನಿಯವರು ಮರಳಿ ಕೆಲಸಕ್ಕೆ ಬಂದರು.

ಆಮೇಲೆ ಬರುತ್ತಾರೆ ಕೆ. ವೈ. ಶ್ರೀನಿವಾಸನ್. ಮೈಕ್ರೋಸಾಫ್ಟ್‌ನ ಈ ಎಂಜಿನಿಯರು 2011ರಲ್ಲಿ ಹೈಪರ್-ವಿ ಡ್ರೈವರುಗಳನ್ನು ಕೂತು ಒಂದೊಂದಾಗಿ ತಿದ್ದಿದರು. 2011ರ ಜುಲೈನಲ್ಲಿ ಲಿನಕ್ಸ್ 3.0 ಹೊರಬಂದಾಗ ಲೆಕ್ಕ ಹಾಕಿದವರಿಗೆ ಆಶ್ಚರ್ಯ ಕಾದಿತ್ತು. ಆ ಆವೃತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ತಿದ್ದುಪಡಿ ಕೊಟ್ಟ ವ್ಯಕ್ತಿ ಶ್ರೀನಿವಾಸನ್, ಒಟ್ಟು 343. ಕಂಪನಿಗಳ ಸಾಲಿನಲ್ಲೂ ಮೈಕ್ರೋಸಾಫ್ಟ್ ಮೇಲಿನ ಸ್ಥಾನಗಳಲ್ಲೇ ಇತ್ತು. ಪತ್ರಿಕೆಗಳು ತಲೆಬರಹ ಹಾಕಿದವು. ಆದರೆ ಆ 343ರಲ್ಲಿ ಬಹುಪಾಲು ಏನು? ಹೆಸರು ಬದಲು, ಬೇಡದ ಸಾಲು ತೆಗೆತ, ಹೊದಿಕೆ ಪದರ ಕಳಚುವುದು, ಒಂದು ದೊಡ್ಡ ಫಂಕ್ಷನ್ನನ್ನು ಎರಡು ಮಾಡುವುದು. ಇದನ್ನು ಕೇಳಿ ಕೆಲವರು ಮೂಗು ಮುರಿದರು, ಇದೂ ಒಂದು ಕೊಡುಗೆಯೇ ಎಂದು.

ಕೊಡುಗೆಯೇ. ಗುಡಿಸಿದ ಮೇಲೆ ಏನು ಕಂಡಿತು ನೋಡಿ. ಆ ರಾಶಿಯಲ್ಲಿ ಡಿಸ್ಕಿಗೆ ಎರಡು ಬೇರೆ ಬೇರೆ ಡ್ರೈವರುಗಳಿದ್ದವು, ಒಂದು ಐಡಿಇ ಬಗೆಯ ಡಿಸ್ಕಿಗೆ, ಇನ್ನೊಂದು ಸ್ಕಸಿ ಬಗೆಗೆ. ಹೆಸರುಗಳ ಗೊಂದಲ, ಹೊದಿಕೆಯ ಪದರ ಎಲ್ಲ ಕಳಚಿದ ಮೇಲೆ ಎರಡೂ ಬಹುಪಾಲು ಅದೇ ಕೆಲಸ ಮಾಡುತ್ತಿರುವುದು ಕಣ್ಣಿಗೆ ಹೊಡೆಯಿತು. 2011ರಲ್ಲಿ ಒಂದರ ಕೆಲಸವನ್ನು ಇನ್ನೊಂದಕ್ಕೆ ಸೇರಿಸಿ, ಮೊದಲನೆಯದನ್ನು ಪೂರ್ತಿ ಅಳಿಸಿದರು. ಒಂದು ಡ್ರೈವರು ಹೋಯಿತೆಂದರೆ ಅದರೊಳಗೆ ಅಡಗಿರಬಹುದಾದ ದೋಷಗಳೂ ಹೋದವು, ಮುಂದೆ ಯಾರೂ ಅದನ್ನು ಎರಡೆರಡು ಕಡೆ ತಿದ್ದಬೇಕಿಲ್ಲ. ಅಕ್ಕಿ ಆರಿಸುವಾಗ ಕಲ್ಲು ಕಾಣುವುದು ಹರಡಿದ ಮೇಲೆ, ಚೀಲದಲ್ಲಿದ್ದಾಗ ಅಲ್ಲ.

ಇನ್ನೊಂದು ಕಲ್ಲು ತಡವಾಗಿ ಸಿಕ್ಕಿತು, ಅದು ಬೇರೆ ಜಾತಿಯದು. ಅದೇ ಕೋಡಿನಲ್ಲಿ ಒಂದು ಗುರುತಿನ ಸಂಖ್ಯೆಯನ್ನು ಬರೆದವರು ಯಾರೋ ಅಂಕಿ ಅಕ್ಷರ ಸೇರಿಸಿ ಓದಿದರೆ ಹೆಣ್ಣುಮಕ್ಕಳ ಬಗ್ಗೆ ಪೋಲಿ ಮಾತಾಗುವಂತೆ ಇಟ್ಟಿದ್ದರು. 2012ರಲ್ಲಿ ಅದು ಬಯಲಿಗೆ ಬಂದು ಕಂಪನಿ ಕ್ಷಮೆ ಕೇಳಿ ಬದಲಿಸಿತು. ಚೆಕ್‌ಪ್ಯಾಚ್ ಇಂಥದ್ದನ್ನು ಹಿಡಿಯುವುದಿಲ್ಲ. ಮನುಷ್ಯರು ಕೂತು ಓದಬೇಕು.

2011ರ ಕೊನೆಯಿಂದ 2012ರ ಹೊತ್ತಿಗೆ ಈ ಡ್ರೈವರುಗಳು ಒಂದೊಂದಾಗಿ ಕಾಲು ತೊಳೆದು ನಡುಮನೆಗೆ ಬಂದವು. ಅದೇ 2012ರಲ್ಲಿ ಮೈಕ್ರೋಸಾಫ್ಟ್‌ನ ಅಜೂರ್ ಸೇವೆಯಲ್ಲಿ ಲಿನಕ್ಸ್ ಯಂತ್ರಗಳನ್ನೂ ಬಾಡಿಗೆಗೆ ಕೊಡುವುದು ಶುರುವಾಯಿತು. ಆ ಲಿನಕ್ಸುಗಳು ನಿಂತಿದ್ದು ಇದೇ ಡ್ರೈವರುಗಳ ಮೇಲೆ. 2014ರಲ್ಲಿ ಹೊಸ ಮುಖ್ಯಸ್ಥರು ತಮ್ಮ ಕಂಪನಿ ಲಿನಕ್ಸನ್ನು ಪ್ರೀತಿಸುತ್ತದೆ ಎಂದು ಸಾರಿದರು. ಆ ಮುಖ್ಯಸ್ಥರು ಯಾರು? ನಮ್ಮ ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ಓದಿ, ನಮ್ಮ ಮಣಿಪಾಲದಲ್ಲಿ 1988ರಲ್ಲಿ ಎಂಜಿನಿಯರಿಂಗ್ ಮುಗಿಸಿದ ಸತ್ಯ ನಾದೆಲ್ಲ! ಎರಡೂ ಕಡೆಯವರು ನಮ್ಮವರೆಂದು ಹೆಮ್ಮೆಪಡಬಹುದಾದ ವಿಷಯ. ಆದರೂ ಆ ಪ್ರೀತಿಯ ಘೋಷಣೆಗೆ ಮೂರು ವರ್ಷ ಮೊದಲೇ ಹೆಸರು ತಿದ್ದುತ್ತ ಸಾಲು ಅಳಿಸುತ್ತ ಕೂತವರು ಇದ್ದರು ಎಂಬುದನ್ನು ಮರೆಯಬಾರದು.

ಶೈಲಿ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಕರ್ನಲ್‌ನ ಹೊರಗಿನ ಒಂದು ಉದಾಹರಣೆ ಹೇಳಿಬಿಡುತ್ತೇನೆ. 2014ರ ಫೆಬ್ರವರಿಯಲ್ಲಿ ಆ್ಯಪಲ್ ಕಂಪನಿ ತನ್ನ ಫೋನುಗಳಿಗೆ ಅವಸರದ ತಿದ್ದುಪಡಿ ಕಳಿಸಿತು. ಬ್ಯಾಂಕಿನ ತಾಣಕ್ಕೆ ಹೋದಾಗ ಅದು ನಿಜವಾದ ಬ್ಯಾಂಕೇ ಎಂದು ಪರೀಕ್ಷಿಸುವ ಕೋಡಿನಲ್ಲಿ 'ಗೋಟು ಫೇಲ್' ಎಂಬ ಒಂದು ಸಾಲು ಎರಡು ಸಲ ಬಿದ್ದಿತ್ತು. ಎರಡನೆಯದೂ ಮೇಲಿನ ಷರತ್ತಿಗೆ ಸೇರಿದ್ದು ಎನ್ನುವಂತೆ ಅಷ್ಟೇ ಒಳಸರಿದು ಕೂತಿತ್ತು, ಆದರೆ ಸುತ್ತ ಬ್ರೇಸ್ ಇರಲಿಲ್ಲವಾದ್ದರಿಂದ ಅದು ಷರತ್ತಿಗೆ ಸೇರಿರಲೇ ಇಲ್ಲ. ಪ್ರತಿ ಸಲವೂ ಕೋಡು ಅಲ್ಲಿಂದ ಹಾರಿ ಕೊನೆಗೆ ಹೋಗುತ್ತಿತ್ತು, ಪರೀಕ್ಷೆಯ ಉಳಿದ ಭಾಗ ನಡೆಯುತ್ತಲೇ ಇರಲಿಲ್ಲ. ಕಣ್ಣು ಒಂದು ಓದುತ್ತದೆ, ಯಂತ್ರ ಇನ್ನೊಂದು ಓದುತ್ತದೆ. (ಒಂದೇ ಸಾಲಿನ ಷರತ್ತಿಗೆ ಬ್ರೇಸ್ ಬೇಡ ಎನ್ನುವುದು ಕರ್ನಲ್‌ನ ಶೈಲಿಯೂ ಹೌದು! ಆದ್ದರಿಂದ ಶೈಲಿಯೊಂದೇ ಎಲ್ಲವನ್ನೂ ಕಾಯುತ್ತದೆ ಎಂದು ನಾನು ಹೇಳಲಾರೆ. 2016ರಲ್ಲಿ ಜಿಸಿಸಿ ಕಂಪೈಲರಿನ 6ನೇ ಆವೃತ್ತಿಗೆ ಇಂಥ ದಾರಿ ತಪ್ಪಿಸುವ ಒಳಸರಿತ ಕಂಡರೆ ಎಚ್ಚರಿಸುವ ವ್ಯವಸ್ಥೆ ಬಂತು.)

ಈಗ ನಿಮ್ಮ ಸರದಿ. ಕರ್ನಲ್‌ನ ಮೂಲವನ್ನು ಗಿಟ್‌ನಿಂದ ಇಳಿಸಿಕೊಳ್ಳಿ, ದೊಡ್ಡದಿದೆ, ರಾತ್ರಿ ಹಚ್ಚಿಟ್ಟು ಮಲಗಿ. ಸ್ಟೇಜಿಂಗ್ ಡೈರೆಕ್ಟರಿಯಲ್ಲಿ ಒಂದು ಡ್ರೈವರು ಆರಿಸಿ. ನಿಮ್ಮ ಬಳಿ ಆ ಯಂತ್ರಾಂಶ ಇದ್ದರೆ ಬಹಳ ಒಳ್ಳೆಯದು. ಉದಾಹರಣೆಗೆ, ರಿಯಲ್‌ಟೆಕ್‌ನ 8723ಬಿಎಸ್ ವೈಫೈ ಚಿಪ್ಪಿನ ಡ್ರೈವರು 2017ರಲ್ಲಿ ಸ್ಟೇಜಿಂಗ್‌ಗೆ ಬಂತು, ಅಗ್ಗದ ಟ್ಯಾಬ್ಲೆಟ್ಟು, ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಕೂರಿಸುತ್ತಿದ್ದ ಚಿಪ್ಪು ಅದು. ಸಿಕಂದರಾಬಾದಿನ ಪಾರ್ಕ್‌ಲೇನಿನ ಸಿ.ಟಿ.ಸಿ.ಯಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳನ್ನು ಒಂದು ಸುತ್ತು ಹಾಕಿದರೆ ಇಂಥವು ಸಿಕ್ಕಾವು, ಚೌಕಾಸಿಗೆ ಅಪ್ಪನನ್ನು ಕರೆದುಕೊಂಡು ಹೋಗಿ. ಡ್ರೈವರ್ ಆರಿಸಿದ ಮೇಲೆ ಮೊದಲ ವಾರ ಏನೂ ತಿದ್ದಬೇಡಿ. ಓದಿ. ಅಲ್ಲಿನ ಬಾಕಿ ಕೆಲಸಗಳ ಪಟ್ಟಿ ಓದಿ, ಹಿಂದೆ ಯಾರು ಏನು ಬದಲಿಸಿದರು, ಯಾವುದನ್ನು ಬೇಡವೆಂದರು ಎಂಬ ಇತಿಹಾಸ ಓದಿ. ಆಮೇಲೆ ಚೆಕ್‌ಪ್ಯಾಚ್ ಓಡಿಸಿ, ಅದು ತೋರಿಸಿದ ನೂರು ಕೆಂಪು ಗೆರೆಗಳಲ್ಲಿ ಒಂದೇ ಬಗೆಯದನ್ನು ಎತ್ತಿಕೊಳ್ಳಿ. ಒಂದು ಪ್ಯಾಚಿಗೆ ಒಂದೇ ಬಗೆಯ ಬದಲಾವಣೆ. ಹೆಸರು ಬದಲಿಸುವುದನ್ನೂ ಲೆಕ್ಕಾಚಾರ ಬದಲಿಸುವುದನ್ನೂ ಬೆರೆಸಿದರೆ ನೋಡುವವರು ಎರಡನ್ನೂ ನಂಬುವುದಿಲ್ಲ. ತಿದ್ದಿದ ಮೇಲೆ ಕಂಪೈಲ್ ಮಾಡಿ ನೋಡಿ. ಇದನ್ನು ಹೇಳಬೇಕೇ ಎನ್ನಬೇಡಿ, ಮಾಡದೆ ಕಳಿಸುವವರು ಇದ್ದಾರೆ. ಯಾಕೆ ಬದಲಿಸಿದಿರಿ ಎಂದು ಎರಡು ವಾಕ್ಯ ಬರೆಯಿರಿ. 'ಚೆಕ್‌ಪ್ಯಾಚ್ ಹೇಳಿತು' ಎಂಬುದು ಕಾರಣವಲ್ಲ, ಅಮ್ಮ ಹೇಳಿದಳು ಎಂದು ಮೇಷ್ಟ್ರಿಗೆ ಹೇಳಿದ ಹಾಗೆ. ಯಾರಿಗೆ ಕಳಿಸಬೇಕು ಎಂದು ತಿಳಿಸುವ ಉಪಕರಣವೂ ಕರ್ನಲ್‌ನಲ್ಲೇ ಇದೆ. ಬರಿಯ ಅಕ್ಷರದ ಈಮೇಲಿನಲ್ಲಿ ಕಳಿಸಿ, ಬಣ್ಣ ಅಲಂಕಾರ ಬೇಡ.

ಒಂದು ಹೊಂಡ ತೋರಿಸಿಬಿಡುತ್ತೇನೆ, ಹೊಸಬರು ತಪ್ಪದೆ ಬೀಳುವ ಹೊಂಡ. ಡ್ರೈವರುಗಳಲ್ಲಿ ಯಂತ್ರಾಂಶಕ್ಕೆ ಕೆಲವು ಮೈಕ್ರೋಸೆಕೆಂಡು ಸಮಯ ಕೊಡಲು 'ಯುಡಿಲೇ' ಎಂಬ ಕರೆ ಇರುತ್ತದೆ. ಅದರಲ್ಲಿ ಪ್ರೊಸೆಸರು ನಿಂತಲ್ಲೇ ಕುಣಿಯುತ್ತ ಕಾಯುತ್ತದೆ, ಬೇರೆ ಕೆಲಸ ಮಾಡುವುದಿಲ್ಲ. ಅದು ದಂಡ ಎಂದು ಚೆಕ್‌ಪ್ಯಾಚ್ 'ಯುಸ್ಲೀಪ್ ರೇಂಜ್' ಬಳಸಬಹುದಲ್ಲ ಎಂದು ಸೂಚಿಸುತ್ತದೆ. ಅದರಲ್ಲಿ ಪ್ರೊಸೆಸರು ಈ ಕೆಲಸವನ್ನು ಮಲಗಿಸಿ ಬೇರೆ ಕೆಲಸಕ್ಕೆ ಹೋಗುತ್ತದೆ. ಒಂದು ಸಾಲಿನ ಬದಲಾವಣೆ, ಚೆಕ್‌ಪ್ಯಾಚ್ ಸುಮ್ಮನಾಗುತ್ತದೆ, ಕಂಪೈಲರ್ ಒಪ್ಪುತ್ತದೆ. ಆದರೆ ಆ ಸಾಲು ಇಂಟರಪ್ಟಿನ ಒಳಗೋ ಸ್ಪಿನ್‌ಲಾಕ್ ಹಿಡಿದ ಸ್ಥಿತಿಯಲ್ಲೋ ಇದ್ದರೆ? ಅಲ್ಲಿ ಮಲಗುವಂತಿಲ್ಲ. ಬೀಗ ಹಾಕಿ ಕೀಲಿ ಕೈಯಲ್ಲಿ ಹಿಡಿದು ನಿದ್ದೆ ಹೋದ ಕಾವಲುಗಾರನ ಹಾಗೆ, ಬಾಗಿಲಲ್ಲಿ ಕಾದವರೆಲ್ಲ ಕಾಯುತ್ತಲೇ ಇರಬೇಕು, ಯಂತ್ರ ಹೆಪ್ಪುಗಟ್ಟುತ್ತದೆ. ಚಂದ ಮಾಡಲು ಹೋಗಿ ಓಡುತ್ತಿದ್ದ ಡ್ರೈವರನ್ನು ಕೊಂದಂತಾಗುತ್ತದೆ. ಈ ಒಂದು ಸಾಲನ್ನು ಬದಲಿಸಬಹುದೇ ಎಂದು ಹೇಳಬೇಕಾದರೆ ಅದನ್ನು ಕರೆಯುವ ಫಂಕ್ಷನ್ನುಗಳನ್ನು ಒಂದೊಂದಾಗಿ ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು. ಹಾಗೆ ಹುಡುಕಿ 'ಇಲ್ಲಿ ಬದಲಿಸಬಾರದು' ಎಂದು ತಿಳಿದ ದಿನ ನೀವು ಕಲಿತದ್ದು ಅಮೀರ್‌ಪೇಟೆಯ ಯಾವ ನೋಟ್ಸಿನಲ್ಲೂ ಇರುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇದು, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಖಾಲಿ ಜಾಗ, ಬ್ರೇಸುಗಳ ಪ್ಯಾಚು ಮೂರೋ ನಾಲ್ಕೋ ಕಳಿಸಿ, ಕಳಿಸುವ ವಿಧಾನ ಕೈಗೆ ಹತ್ತುವವರೆಗೆ. ಅಲ್ಲೇ ಕೂರಬೇಡಿ. ಬಯೋಡೇಟಾದಲ್ಲಿ 'ಐವತ್ತು ಪ್ಯಾಚು' ಎಂದು ಬರೆಯಲು ಐವತ್ತು ಕಡೆ ಜಾಗ ಅಳಿಸುವವರನ್ನು ಆ ಲೋಕದ ಹಿರಿಯರು ಕೂಡಲೇ ಗುರುತಿಸುತ್ತಾರೆ, ಅವರ ಸಮಯವೂ ಹಾಳು. ಶ್ರೀನಿವಾಸನ್ ಅವರ 343ಕ್ಕೆ ಬೆಲೆ ಬಂದದ್ದು ಅವು ಒಂದೇ ಕಟ್ಟಡವನ್ನು ಕೆಡವಿ ಕಟ್ಟುವ ಸಾಲಿನಲ್ಲಿ ಇದ್ದದ್ದರಿಂದ. ಮತ್ತೆ, ಉತ್ತರ ಖಾರವಾಗಿ ಬರಬಹುದು. "ಇದು ತಪ್ಪು, ಮತ್ತೆ ಕಳಿಸಿ" ಎಂಬ ಒಂದೇ ಸಾಲು. ನಮ್ಮ ಮನೆಗಳಲ್ಲಿ ಹಿರಿಯರು ಬೈದರೆ ಎದುರಾಡದೆ ಒಳಗೇ ಕೊರಗುವುದು ರೂಢಿ. ಇಲ್ಲಿ ಎರಡೂ ಬೇಡ. ಏನು ತಪ್ಪು ಎಂದು ವಿನಯದಿಂದ ಕೇಳಿ, ತಿದ್ದಿ, ಎರಡನೇ ಆವೃತ್ತಿ ಎಂದು ಬರೆದು ಮತ್ತೆ ಕಳಿಸಿ. ಮೂರನೆಯದು, ನಾಲ್ಕನೆಯದು ಆದರೂ ಯಾರೂ ನಗುವುದಿಲ್ಲ.

ಪ್ಯಾಚಿನ ಕೊನೆಗೆ ನಿಮ್ಮ ಹೆಸರಿನ ಸಹಿ ಇರಬೇಕು. ಈ ಕೋಡು ಕೊಡಲು ತನಗೆ ಹಕ್ಕಿದೆ ಎಂದು ಬರೆದವರೇ ಹೇಳುವ ಸಾಲು ಅದು, 2004ರಲ್ಲಿ ಜಾರಿಗೆ ಬಂತು. ಒಮ್ಮೆ ಒಳಗೆ ಸೇರಿದರೆ ಆ ಹೆಸರು ಕರ್ನಲ್‌ನ ಇತಿಹಾಸದಿಂದ ಅಳಿಯುವುದಿಲ್ಲ, ಸಂದರ್ಶನದಲ್ಲಿ ಕೂತವರು ಅಲ್ಲೇ ತೆರೆದು ನೋಡಬಹುದು. ಇಲ್ಲಿ ನಮ್ಮವರಿಗೆ ಒಂದು ಚಿಕ್ಕ ಪೇಚಿದೆ. ಶಾಲೆಯ ದಾಖಲೆಯಲ್ಲಿ ಇಲ್ಲಿನ ಪದ್ಧತಿಯಂತೆ ಮನೆತನದ ಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಕೊನೆಗೆ, ಗೆಳೆಯರ ನಡುವೆ ಬರೀ ಇನಿಷಿಯಲ್ಲು. ಶ್ರೀನಿವಾಸನ್ ಅವರ ಹೆಸರೇ ಕರ್ನಲ್‌ನ ದಾಖಲೆಯಲ್ಲಿ ಕೆಲವೆಡೆ ಚುಕ್ಕಿ ಇಟ್ಟ ಕೆ. ವೈ., ಕೆಲವೆಡೆ ಚುಕ್ಕಿಯಿಲ್ಲದ ಕೆವೈ ಎಂದಿದೆ. ಯಂತ್ರಕ್ಕೆ ಅವು ಇಬ್ಬರು ಬೇರೆ ಮನುಷ್ಯರು. ಹೀಗೆ ಒಡೆದುಹೋದ ಹೆಸರುಗಳನ್ನು ಒಬ್ಬರೇ ಎಂದು ಸೇರಿಸಲು ಕರ್ನಲ್‌ನಲ್ಲಿ 'ಮೇಲ್‌ಮ್ಯಾಪ್' ಎಂಬ ಪಟ್ಟಿಯನ್ನೇ ಇಡಬೇಕಾಗಿದೆ. ಮೊದಲ ಪ್ಯಾಚು ಕಳಿಸುವ ಮುನ್ನ ಮನೆಯಲ್ಲಿ ಕೂತು ಯಾವ ಹೆಸರು, ಯಾವ ಕಾಗುಣಿತ ಎಂದು ತೀರ್ಮಾನ ಮಾಡಿಕೊಳ್ಳಿ. ಅಜ್ಜಿ ಇಟ್ಟ ಪೂರ್ತಿ ಹೆಸರೇ ಆದರೂ ಆದೀತು, ಎಷ್ಟೇ ಉದ್ದವಿದ್ದರೂ ಆ ಸಾಲಿಗೆ ಚೆಕ್‌ಪ್ಯಾಚ್ ತಕರಾರು ಮಾಡುವುದಿಲ್ಲ.